ಮಂಡ್ಯ ನೋಂದಣಿಯ 2011ರ ಮಾರುತಿ 800 ಅಸಲಿಯೇ?

'2010ರಲ್ಲೇ 800 ನಿಂತುಹೋಯ್ತು, 2011ರ ಗಾಡಿ ಹೇಗೆ ಬಂತು, ತಗೊಳ್ಳಬಹುದಾ' ಅಂತ ಕೇಳಿದ್ದೀರಿ. ಹೆದರಬೇಡಿ ಸಾರ್, ಇಂಥ ಗಾಡಿ ಇರುತ್ತೆ.

2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್-4 ಅನ್ನೋ, ಗಾಡಿ ಹೊಗೆಗೆ ಮಿತಿ ಹಾಕುವ ನಿಯಮ ಬಂತು. 800ನ ಎಂಜಿನ್ ಅದಕ್ಕಿಂತ ಹಿಂದಿನ ಬಿಎಸ್-3 ಮಟ್ಟದ್ದು, ಅಲ್ಲಿ ಮಾರಾಟ ನಿಂತಿತು. ಆ ಪಟ್ಟಿಯಲ್ಲಿ ಮಂಡ್ಯ, ಮೈಸೂರು ಇರಲಿಲ್ಲ. ತಯಾರಿಕೆ ಪೂರ್ತಿ ನಿಂತಿದ್ದು 2014ರ ಜನವರಿಯಲ್ಲಿ. ಹಾಗಾಗಿ ಮಂಡ್ಯದ ಕೆಎ-11 ನಂಬರಿನ 2011ರ ಗಾಡಿಯಲ್ಲಿ ವಿಚಿತ್ರ ಏನೂ ಇಲ್ಲ. ಆದರೂ ಆರ್‌ಸಿಯಲ್ಲಿರುವ ಚಾಸಿ ನಂಬರು ಗಾಡಿ ಮೇಲಿನದಕ್ಕೆ ತಾಳೆಯಾಗುತ್ತಾ ನೋಡಿ.

ನನಗೆ ಹೆಚ್ಚು ಚಿಂತೆ ತುಕ್ಕಿನದು. ನಮ್ಮ ಮನೆಯ 800 ವರ್ಷಗಟ್ಟಲೆ ಗದ್ದೆ ಬದಿಯಲ್ಲೇ ನಿಲ್ಲುತ್ತಿತ್ತು. ಒಂದು ದಿನ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ ಹೆಬ್ಬೆರಳಲ್ಲಿ ಒತ್ತಿದೆ, ತಗಡು ಹಪ್ಪಳದ ಹಾಗೆ ಪುಡಿಯಾಯ್ತು. ನೀವೂ ನಾಲ್ಕೂ ಮ್ಯಾಟ್ ಎತ್ತಿಸಿ, ಸ್ಟೆಪ್ನಿ ತೆಗೆಸಿ ಅಡಿಯಲ್ಲಿ ನೋಡಿ. ಮಾರುವವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಸರಳವಾದದ್ದು, ನಮ್ಮೂರ ಮೆಕ್ಯಾನಿಕ್‌ಗಳಿಗೆ ಬಾಯಿಪಾಠ. 15 ವರ್ಷಕ್ಕೆ ಆರ್‌ಸಿ ನವೀಕರಣ ಬರುತ್ತೆ. ಆ ಖರ್ಚನ್ನು ಈಗಲೇ ಬೆಲೆಯಲ್ಲಿ ಮುರಿಸಿಕೊಳ್ಳಿ. ತಳ ಗಟ್ಟಿಯಿದ್ದರೆ ಖಂಡಿತ ತಗೊಳ್ಳಿ.