ಹಲ್ಲು ಪೂರ್ತಿ ಒಣಗಿದ್ದರೆ ಫಿಲ್ಲಿಂಗ್ ಗಟ್ಟಿಯಾಗಿ ಅಂಟುತ್ತದೆ ಅಲ್ವಾ?

ಮೇಲಿನ ಎನಾಮೆಲ್ ಒಣಗಿದರೆ ತೊಂದರೆ ಇಲ್ಲ. ಒಳಗಿನ ಡೆಂಟಿನ್‌ಗೆ ಮಾತ್ರ ಅದು ಆಗಿಬರುವುದಿಲ್ಲ.

ಫಿಲ್ಲಿಂಗ್‌ಗೆ ಮುಂಚೆ ಡಾಕ್ಟರು ಹಲ್ಲಿಗೆ ನೀಲಿ ಜೆಲ್ ಹಚ್ಚುವುದನ್ನು ನೋಡಿರಬಹುದು. ಅದು ಸಾಮಾನ್ಯವಾಗಿ 37% ಫಾಸ್ಫಾರಿಕ್ ಆಸಿಡ್. ತೊಳೆದು ಗಾಳಿ ಊದಿದಾಗ ಎನಾಮೆಲ್ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ.

ಡೆಂಟಿನ್ ಕಥೆಯೇ ಬೇರೆ. ಆಸಿಡ್ ಅಲ್ಲಿನ ಖನಿಜ ಕರಗಿಸಿದ ಮೇಲೆ ಉಳಿಯುವುದು ಕೊಲ್ಯಾಜನ್ ನಾರಿನ ಜಾಲ. ಅದನ್ನು ಎತ್ತಿ ಹಿಡಿಯುವುದು ನೀರು. ಜಾಸ್ತಿ ಗಾಳಿ ಊದಿದರೆ ಜಾಲ ಕುಸಿಯುತ್ತದೆ, ಫಿಲ್ಲಿಂಗನ್ನು ಹಲ್ಲಿಗೆ ಹಿಡಿಸುವ ಅಂಟು ಒಳಗೆ ಸರಿಯಾಗಿ ಇಳಿಯುವುದಿಲ್ಲ. ಫಿಲ್ಲಿಂಗ್ ಆದಮೇಲೆ ತಣ್ಣೀರು ಕುಡಿದರೆ ಜುಮ್ ಅನ್ನುವುದಕ್ಕೆ ಇದೂ ಒಂದು ಕಾರಣ. ಹಾಗಂತ ನೀರು ನಿಂತಿದ್ದರೂ ಕಷ್ಟ, ಅಂಟು ತೆಳುವಾಗಿ ಬಿಗಿ ಕಳೆದುಕೊಳ್ಳುತ್ತದೆ. ಮೇಲ್ಮೈ ಮಿನುಗಬೇಕು, ನೀರು ನಿಲ್ಲಬಾರದು. ಅದಕ್ಕೇ ಗಾಳಿ ಊದುವುದಕ್ಕಿಂತ ಹತ್ತಿ ಉಂಡೆಯಿಂದ ಮೆಲ್ಲಗೆ ಒತ್ತಿ ತೆಗೆಯುವುದೇ ವಾಸಿ ಅನ್ನುತ್ತೇನೆ.

ಅಸಿಟೋನ್ ಇರುವ ಅಂಟಿಗೆ ಈ ತೇವ ಬೇಕೇ ಬೇಕು. ನೀರು ಬೆರೆತ ಅಂಟು ಕುಸಿದ ಜಾಲವನ್ನು ಸ್ವಲ್ಪ ಮಟ್ಟಿಗೆ ಮತ್ತೆ ಎಬ್ಬಿಸುತ್ತದೆ. ಜೆಲ್ ಹಚ್ಚಿ ತೊಳೆಯದ ಸೆಲ್ಫ್-ಎಚ್ ಬಗೆಯಲ್ಲಿ ಈ ತಲೆನೋವು ಕಡಿಮೆ.

ಎಂಜಲು ತಾಗಿದರೆ ಮಾತ್ರ ಯಾವ ಅಂಟಿಗೂ ಒಳ್ಳೆಯದಲ್ಲ. ಡಾಕ್ಟರು ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹಾಕುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಬೇಡಿ.