ಚಪ್ಪಾಳೆಯ ನಂತರ ನಿಂತುಹೋದ ಆಟ

ಪೀಠೋಪಕರಣಗಳ ವಿನ್ಯಾಸಕಿಯಾಗಿರುವ, ಮೂವತ್ತೈದರ ಆಸುಪಾಸಿನ ಮಹಿಳೆಯೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ನಿದ್ರೆ ಬರುತ್ತಿಲ್ಲವೆಂದು ನನ್ನ ಬಳಿ ಬಂದಿದ್ದರು. ಹಳೆಯ ವಿನ್ಯಾಸವನ್ನು ತಿದ್ದುವ ಕೆಲಸವನ್ನು ಅವರು ಸಲೀಸಾಗಿ ಮಾಡುತ್ತಿದ್ದರು. ಖಾಲಿ ಹಾಳೆಯಿಂದ ಆರಂಭಿಸಬೇಕಾಗಿ ಬಂದರೆ ಮಾತ್ರ ಕೈ ಏಳುತ್ತಿರಲಿಲ್ಲ. “ಯೋಚನೆ ಹೊಳೆಯುವುದಿಲ್ಲ ಎಂದಲ್ಲ ಮೇಡಂ, ಹೊಳೆದ ತಕ್ಷಣ ಅದಕ್ಕೆ ಯಾರೋ ಅಂಕ ಹಾಕಿಬಿಟ್ಟ ಹಾಗಾಗುತ್ತದೆ” ಎಂದರು. ಕಾರಣವನ್ನೂ ಅವರೇ ಕಂಡುಕೊಂಡಿದ್ದರು. ಚಿಕ್ಕಂದಿನಲ್ಲಿ ಆಟಿಕೆಗಳಿರಲಿಲ್ಲ, ಆಡಲು ಜೊತೆಗಾರರೂ ಇರಲಿಲ್ಲ, ಹಾಗಾಗಿ ಸೃಜನಶೀಲ ವ್ಯಕ್ತಿತ್ವ ರೂಪುಗೊಳ್ಳಲೇ ಇಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಆಟಿಕೆಗಳಿಲ್ಲದ ಆ ದಿನಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ, ಬಹಳ ಸಂಕೋಚದಿಂದ, ಅಮ್ಮನ ಹೊಲಿಗೆ ಯಂತ್ರದ ಕೆಳಗೆ ಕುಳಿತು ಗುಂಡಿಗಳೊಂದಿಗೆ ಆಡುತ್ತಿದ್ದುದನ್ನು ಹೇಳಿದರು. ನಾಲ್ಕು ತೂತಿನ ಗುಂಡಿಗಳಿಗೆ ನಾಲ್ಕೂ ದಿಕ್ಕು ಕಾಣುವುದರಿಂದ ಅವು ಕಾವಲುಗಾರರು. ಎರಡು ತೂತಿನವು ಸಾಮಾನ್ಯ ಪ್ರಜೆಗಳು. ಮೇಲೆ ತೂತೇ ಇಲ್ಲದ, ಹಿಂಬದಿಯಲ್ಲಿ ಕೊಂಡಿಯಿದ್ದ ಹೊಳೆಯುವ ಗುಂಡಿ ಕುರುಡು ರಾಣಿ. ಅಂಚು ಮುರಿದ ಗುಂಡಿಗೆ ಯಾವ ನಿಯಮವೂ ಅನ್ವಯಿಸುತ್ತಿರಲಿಲ್ಲ. ಆಟ ಬೇಸರವಾದರೆ ರಾಣಿಗೆ ಕಣ್ಣು ಬರುತ್ತಿತ್ತು, ಆಗ ರಾಜ್ಯದ ಕಾನೂನೆಲ್ಲ ಬದಲಾಗುತ್ತಿತ್ತು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ 1933ರ ಉಪನ್ಯಾಸವೊಂದರಲ್ಲಿ, ಕೋಲು ಕುದುರೆಯಾಗುವಂಥ ಆಟದಲ್ಲಿ ಮಗು ಅರ್ಥವನ್ನು ವಸ್ತುವಿನಿಂದ ಬಿಡಿಸಿಕೊಳ್ಳಲು ಕಲಿಯುತ್ತದೆ ಮತ್ತು ಕಲ್ಪನೆಯ ಆಟದೊಳಗೆ ನಿಯಮಗಳು ಇದ್ದೇ ಇರುತ್ತವೆ ಎಂದು ವಿವರಿಸಿದ್ದರು. ಈ ಎರಡಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕೇಳಿಲ್ಲ.

ಹಾಗಾದರೆ ಕೊರತೆ ಆಟದ್ದಾಗಿರಲಿಲ್ಲ. ಅದು ಯಾವಾಗ ಮತ್ತು ಹೇಗೆ ನಿಂತಿತೆಂಬುದೇ ನನಗೆ ಮುಖ್ಯವಾಗಿ ಕಂಡಿತು. ಎಂಟನೆಯ ವಯಸ್ಸಿನ ಹೊತ್ತಿಗೆ ಮನೆಗೆ ಬಂದ ಅತಿಥಿಗಳ ಮುಂದೆ ಅಪ್ಪ ಆ ಗುಂಡಿಗಳನ್ನು ಮೇಜಿನ ಮೇಲೆ ಸುರಿಸಿ, ಕಥೆ ಹೇಳು ಮಗಳೇ ಎಂದರು. ಹೇಳಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಅತಿಥಿಗಳು ಬಂದಾಗಲಷ್ಟೇ ಗುಂಡಿಗಳು ಹೊರಬರುತ್ತಿದ್ದವು, ಕಥೆಯೂ ಒಂದೇ ಆಗಿರುತ್ತಿತ್ತು. ಮುಂದೆ ಚಿತ್ರಕಲೆಯ ತರಗತಿ, ಸ್ಪರ್ಧೆ, ಪ್ರಮಾಣಪತ್ರಗಳು. ಇದನ್ನು ಕೇಳುವಾಗ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಾಗದೆ ಇರದು. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಮಾಣಪತ್ರ ಸಿಗುತ್ತದೆಂದು ಮೊದಲೇ ಹೇಳಲಾಗಿತ್ತು. ನಂತರದ ದಿನಗಳಲ್ಲಿ ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೇಳದೆ ಬಹುಮಾನ ಪಡೆದವರಲ್ಲಿ ಈ ಇಳಿಕೆ ಕಾಣಲಿಲ್ಲ.

ಅವರಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅಪ್ಪ ಮಾಡಿದ್ದು ಮಗಳ ಮೇಲಿನ ಹೆಮ್ಮೆಯಿಂದ, ಅದನ್ನು ಅಪರಾಧವಾಗಿಸಿದರೆ ನಿಮ್ಮ ಹಾಳೆಯೇನೂ ತುಂಬುವುದಿಲ್ಲ ಎಂದೆ. ಬಾಲ್ಯವೇ ವ್ಯಕ್ತಿತ್ವದ ಹಣೆಬರಹ ಎಂಬ ಅವರ ಎಣಿಕೆಯನ್ನೂ ಒಪ್ಪಲಿಲ್ಲ. ಕಲ್ಪನೆಯ ಆಟವೇ ಸೃಜನಶೀಲತೆಗೆ ಕಾರಣವೆಂದು ಖಚಿತವಾಗಿ ಹೇಳುವಷ್ಟು ಪುರಾವೆಯಿಲ್ಲವೆಂದು ಮನೋವಿಜ್ಞಾನಿ ಆ್ಯಂಜೆಲಿನ್ ಲಿಲ್ಲಾರ್ಡ್ ಮತ್ತು ಸಹೋದ್ಯೋಗಿಗಳು ಅದುವರೆಗಿನ ಅಧ್ಯಯನಗಳ 2013ರ ವಿಮರ್ಶೆಯಲ್ಲಿ ತೋರಿಸಿದ್ದಾರೆ. (ಮಗುವಿನ ಆಟವನ್ನೂ ವೇಳಾಪಟ್ಟಿಗೆ ಸೇರಿಸಿ ಭವಿಷ್ಯದ ಬಂಡವಾಳವೆಂದು ಲೆಕ್ಕ ಹಾಕುವ ಪೋಷಕರಿಗೆ ಇದನ್ನು ನಾನು ಆಗಾಗ ಹೇಳಬೇಕಾಗುತ್ತದೆ.) ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ ಅವರ ಚಿಂತನೆ: ನಂಬಿಕೆಯ ಹಿರಿಯರೊಬ್ಬರು ಹತ್ತಿರದಲ್ಲಿದ್ದೂ ತನ್ನ ಪಾಡಿಗೆ ತಾನಿರಲು ಬಿಟ್ಟಾಗ ಮಗು ಒಂಟಿಯಾಗಿರುವ ಶಕ್ತಿಯನ್ನು ಪಡೆಯುತ್ತದೆ. ಹೊಲಿಗೆಯ ಮೇಲೆ ಕಣ್ಣಿಟ್ಟಿದ್ದ ಆ ತಾಯಿ, ತನಗೇ ತಿಳಿಯದೆ, ಮಗಳಿಗೆ ಕೊಟ್ಟದ್ದು ಅದನ್ನೇ.

ಸಲಹೆಗಳನ್ನು ಇದರ ಮೇಲೆಯೇ ಕಟ್ಟಿದೆ. ದಿನಕ್ಕೆ ಇಪ್ಪತ್ತು ನಿಮಿಷ, ಉದ್ಯೋಗಕ್ಕೆ ಸಂಬಂಧವಿಲ್ಲದ ಮಣ್ಣು, ದಾರ, ರಟ್ಟು ಮುಂತಾದ ಯಾವುದಾದರೂ ವಸ್ತುವಿನಿಂದ ಏನನ್ನಾದರೂ ಮಾಡಬೇಕು. ಅದರ ಫೋಟೊ ತೆಗೆಯಬಾರದು, ಗಂಡನಿಗೂ ತೋರಿಸಬಾರದು, ಮುಗಿದ ಮೇಲೆ ಬಿಚ್ಚಿಹಾಕಬೇಕು. ಉಳಿಸಿಕೊಂಡರೆ ಅದು ಮತ್ತೆ ಪ್ರದರ್ಶನಕ್ಕೆ ತಯಾರಾಗುತ್ತದೆ, ಆದ್ದರಿಂದ ಬಿಚ್ಚಿಹಾಕುವ ವಿಷಯದಲ್ಲಿ ರಿಯಾಯಿತಿ ಕೊಡಲಿಲ್ಲ. ಕಚೇರಿಯಲ್ಲಿ ಹೊಸ ಕೆಲಸದ ಮೊದಲ ಗೀಟುಗಳನ್ನು ಕಂಪ್ಯೂಟರ್ ಬಿಟ್ಟು ರದ್ದಿ ಕಾಗದದ ಮೇಲೆ ಹಾಕಿ, ಎರಡು ದಿನ ಯಾರ ಅಭಿಪ್ರಾಯವನ್ನೂ ಕೇಳದಂತೆ ಮೇಲಧಿಕಾರಿಯೊಂದಿಗೆ ಮಾತಾಡಿಕೊಳ್ಳಲು ಹೇಳಿದೆ. ಅವರಿಗೆ ಐದು ವರ್ಷದ ಮಗಳಿದ್ದಾಳೆ. ಅವಳು ಆಡುವಾಗ “ಇದೇನು ಪುಟ್ಟಾ?” ಎಂದು ವಿಚಾರಿಸದೆ, ಪಕ್ಕದಲ್ಲಿ ತಮ್ಮದೇ ಕೆಲಸ ಹಿಡಿದು ಕುಳಿತುಕೊಳ್ಳಬೇಕು, ಮಗು ಕರೆದಾಗ ಮಾತ್ರ ಆಟಕ್ಕೆ ಸೇರಬೇಕು ಎಂದೆ. ಹೊಗಳುವುದನ್ನು ನಿಷೇಧಿಸಲಿಲ್ಲ, ಆಟವನ್ನು ಇನ್ನೊಬ್ಬರ ಮುಂದೆ ಮತ್ತೆ ಆಡಿಸುವುದು ಬೇಡವೆಂದೆ.

ಮೊದಲ ದಿನಗಳಲ್ಲಿ ಮಣ್ಣಿನ ಮುದ್ದೆಗೂ ಅವರು ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದರು, ಆಮೇಲಾಮೇಲೆ ಅದು ಕಡಿಮೆಯಾಯಿತು. ನಿದ್ರೆ ಸುಧಾರಿಸಿದೆ. ಖಾಲಿ ಹಾಳೆಯ ಭಯ ಪೂರ್ತಿ ಹೋಗಿಲ್ಲ, ಗ್ರಾಹಕರು ಎದುರಿಗೇ ಕುಳಿತಿರುವ ಸಭೆಗಳಲ್ಲಿ ಈಗಲೂ ಹಿಂದಿರುಗುತ್ತದೆ, ಆದ್ದರಿಂದ ಅಂಥ ಸಭೆಗಳಿಗೆ ಒರಟು ರೇಖಾಚಿತ್ರಗಳನ್ನು ಬೇಕೆಂದೇ ಅಪೂರ್ಣವಾಗಿ ಒಯ್ಯುವ ಅಭ್ಯಾಸವನ್ನು ಈಗ ಆರಂಭಿಸಿದ್ದೇವೆ. ನಿದ್ರಾಹೀನತೆ ಮತ್ತೆ ಬಂದು, ಅದರೊಂದಿಗೆ ಯಾವುದರಲ್ಲೂ ಆಸಕ್ತಿಯಿಲ್ಲದಂಥ ಸ್ಥಿತಿ ಎರಡು ವಾರ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕೆಂದೂ ತಿಳಿಸಿದ್ದೇನೆ.