ಓದುಗರ ಪ್ರಶ್ನೆ: ಮಲೆನಾಡಿನ ವಕೀಲರು ಕಂದಾಯ ಮಂತ್ರಿಯಾದಾಗ

ಪ್ರಶ್ನೆ: ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾಗಿದ್ದುದು ಎರಡೂವರೆ ತಿಂಗಳೂ ಇಲ್ಲ. ಆದರೂ ನಮ್ಮ ಸೀಮೆಯ ಹಿರಿಯರು ಅವರ ಹೆಸರನ್ನು ಗೌರವದಿಂದ ಎತ್ತುತ್ತಾರೆ. ಉಳುವವನಿಗೆ ಹೊಲ ಕೊಟ್ಟವರು ದೇವರಾಜ ಅರಸರಲ್ಲವೇ? ಇದರಲ್ಲಿ ಮಂಜಪ್ಪನವರ ಪಾಲು ಏನು?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೆಂಗಲ್ ಹನುಮಂತಯ್ಯನವರು ಇಳಿದ ಮೇಲೆ, 1956ರ ಆಗಸ್ಟ್ 19ರಂದು ಮಂಜಪ್ಪನವರು ಅಧಿಕಾರ ವಹಿಸಿಕೊಂಡರು, ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಆ ದಿನಗಳನ್ನು ಎಣಿಸಿ ಅವರನ್ನು ಅಳೆಯುವುದು ಸರಿಯಲ್ಲ. ಅವರ ನಿಜವಾದ ಕೆಲಸ ನಡೆದದ್ದು ಕಂದಾಯ ಖಾತೆಯಲ್ಲಿ.

ಮಂಜಪ್ಪನವರು ವಕೀಲರು, ಅದರಲ್ಲೂ ಮಲೆನಾಡಿನ ವಕೀಲರು ಎಂಬುದನ್ನು ಮರೆಯಬಾರದು. ಅಂದಿನ ಗೇಣಿದಾರನ, ಅಂದರೆ ಒಡೆಯನ ಜಮೀನನ್ನು ಗುತ್ತಿಗೆಗೆ ಉಳುವವನ, ಸ್ಥಿತಿಯನ್ನು ನೆನೆಯಿರಿ: ಮೂರು ತಲೆಮಾರಿನಿಂದ ಉತ್ತ ಗದ್ದೆ, ಕಣದಲ್ಲಿ ಒಡೆಯರ ಕೊಳಗದಿಂದಲೇ (ಧಾನ್ಯ ಅಳೆಯುವ ಪಾತ್ರೆ) ಅಳೆದುಕೊಟ್ಟ ಭತ್ತ, ಅದಕ್ಕೊಂದು ಚೀಟಿ ಇಲ್ಲ, ಊರಿನ ಲೆಕ್ಕ ಬರೆಯುವ ಶಾನುಭೋಗರ ಪಹಣಿಯಲ್ಲಿ (ಜಮೀನಿನ ದಾಖಲೆ) ಹೆಸರಿಲ್ಲ. ಅಂಥವನನ್ನು ಒಡೆಯ ಬಿಡಿಸಿದರೆ ಕೋರ್ಟಿನ ಕಟ್ಟೆ ಹತ್ತಿ ತೋರಿಸಲು ಅವನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಸತ್ಯಾಗ್ರಹ ಹೊತ್ತಿಕೊಂಡದ್ದೂ ಆ ಕೊಳಗದ ಅಳತೆಯ ತಕರಾರಿನಿಂದಲೇ. ಬೀದಿಯಲ್ಲಿ ಆ ಹೋರಾಟವನ್ನು ನಡೆಸಿದವರು ಶಾಂತವೇರಿ ಗೋಪಾಲಗೌಡರು ಮತ್ತು ಅವರ ಸಮಾಜವಾದಿ ಗೆಳೆಯರು. ಆ ಸಂಕಟವನ್ನು ಕಾಯ್ದೆಯ ಭಾಷೆಗೆ ತರಲು ದುಡಿದವರಲ್ಲಿ ಕಾಂಗ್ರೆಸ್ಸಿನ ಮಂಜಪ್ಪನವರು ಮುಖ್ಯರು. ಇಬ್ಬರದೂ ತೀರ್ಥಹಳ್ಳಿ ಸೀಮೆಯೇ ಎಂಬುದು ನನಗೆ ಹೆಮ್ಮೆಯ ಸಂಗತಿ.

ಮಂಜಪ್ಪನವರು ಕಂದಾಯ ಮಂತ್ರಿಯಾಗಿದ್ದ ಹನುಮಂತಯ್ಯನವರ ಸಂಪುಟದ ಕಾಲದಲ್ಲಿ ಇನಾಂ (ದತ್ತಿಯಾಗಿ ಕೊಟ್ಟ ಜಮೀನು) ರದ್ದತಿಯ ಕಾಯ್ದೆ ಬಂದಿತು, ಅವರೇ ಕಂದಾಯ ಖಾತೆಯಲ್ಲಿದ್ದ ಬಿ.ಡಿ. ಜತ್ತಿಯವರ ಸಂಪುಟದ ಕಾಲದಲ್ಲಿ 1961ರ ಭೂ ಸುಧಾರಣಾ ಕಾಯ್ದೆ ಅಂಗೀಕಾರವಾಯಿತು. ಈ 1961ರ ಕಾಯ್ದೆಯಲ್ಲಿ ಕೊರತೆಗಳಿದ್ದವೆಂದು ಒಪ್ಪಲೇಬೇಕು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಗೇಣಿ ಜಮೀನನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ಅವಕಾಶವಿತ್ತು, ಮತ್ತು ಅದು ಜಾರಿಗೆ ಬರಲು 1965ರ ಅಕ್ಟೋಬರ್ ವರೆಗೆ ಕಾಯಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಎಷ್ಟೋ ಒಕ್ಕಲುಗಳು ಎದ್ದುಹೋದವು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಅರಸರ ಶಾಸನವು ಹೊಸ ಕಾಯ್ದೆಯಲ್ಲ, 1961ರ ಕಾಯ್ದೆಗೇ ತಂದ ತಿದ್ದುಪಡಿ. ಆದ್ದರಿಂದ ಗೌರವ ಮಂಜಪ್ಪ, ಅರಸು ಇಬ್ಬರಿಗೂ ಸಲ್ಲಬೇಕು; ಧೈರ್ಯದ ಹೆಚ್ಚಿನ ಪಾಲು ಅರಸರದೇ. ಆ ತಿದ್ದುಪಡಿಯ ಪ್ರಕಾರ ಏಳನೇ ನಮೂನೆಯ ಅರ್ಜಿಗಳನ್ನು (ಉಳುವ ಜಮೀನಿನ ಹಕ್ಕು ಕೋರಿ ಗೇಣಿದಾರರು ಸಲ್ಲಿಸಿದ್ದು) ಕೇಳಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತಾಗ, ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರನು ತಾನೇ ಎದ್ದುನಿಂತು, ತನ್ನ ಗದ್ದೆಯ ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ) ತನ್ನ ಬಾಯಿಂದಲೇ ಹೇಳಬೇಕಾಗಿತ್ತು.